ಮೊದಲು ಆರ್‌ಸಿ ತೋರಿಸು

ಎಲ್ಲರಿಗೂ ನಮಸ್ಕಾರ. ತಮಿಳುನಾಡಿನ ಹೊಸೂರಿನಲ್ಲಿ ಕೂತು ಕನ್ನಡದಲ್ಲಿ ರೇಸ್ ಟ್ರ್ಯಾಕಿಗೆ ಕಾರು ಕಟ್ಟುವ ಬಗ್ಗೆ ಮಾತಾಡಿ ಅಂತ ಸಂಘದವರು ಕರೆದಾಗ ನನಗೆ ತುಂಬ ಖುಷಿಯಾಯಿತು. ನಮ್ಮ ಗ್ಯಾರೇಜಿನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ನಡೆಯುತ್ತವೆ. ಆದರೆ ಲೆಕ್ಕ ಹಾಕುವಾಗ ನನ್ನ ಬಾಯಲ್ಲಿ ಬರುವುದು ಕನ್ನಡವೇ.

ನನ್ನ ಹತ್ತಿರ ಬರುವ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ. "ಅಣ್ಣಾ, ಯಾವ ಇಂಜಿನ್ ಹಾಕೋಣ?" ನಾನು ಹೇಳುತ್ತೇನೆ, "ಮೊದಲು ಆರ್‌ಸಿ ತೋರಿಸು." ಆರ್‌ಸಿ ಅಂದರೆ ಗಾಡಿಯ ನೋಂದಣಿ ಪತ್ರ. ಅದರಲ್ಲಿ ಖಾಲಿ ಗಾಡಿಯ ತೂಕ ಬರೆದಿರುತ್ತದೆ. ಅದನ್ನು ಯಾರೂ ಓದುವುದೇ ಇಲ್ಲ. ವೇಗದ ಕಾರು ಕಟ್ಟಬೇಕು ಅನ್ನುವವರು ಎಲ್ಲಕ್ಕಿಂತ ಮೊದಲು ಓದಬೇಕಾದ ಅಂಕಿ ಅದು. ಇಂಜಿನ್ ನಾಳೆ ಸಿಗುತ್ತದೆ, ಗೇರ್‌ಬಾಕ್ಸ್ ಗುಜರಿಯಲ್ಲಿ ಸಿಗುತ್ತದೆ. ಹುಟ್ಟಿನಿಂದಲೇ ಭಾರವಾದ ಕಾರನ್ನು ಹಗುರ ಮಾಡುವುದು ಮಾತ್ರ ಆಗದ ಕೆಲಸ. ನೂರು ಕೆಜಿ ತೆಗೆಯುವಷ್ಟರಲ್ಲಿ ಸುಸ್ತಾಗಿಬಿಡುತ್ತೀರಿ.

ಒಂದು ಲೆಕ್ಕ ಹೇಳುತ್ತೇನೆ. ಮಾರುತಿ ಝೆನ್ ಸುಮಾರು 750 ಕೆಜಿ. ಅದಕ್ಕೆ ಎಸ್ಟೀಮ್ ಕಾರಿನ 1.3 ಲೀಟರ್ ಎಂಪಿಎಫ್‌ಐ ಇಂಜಿನ್ (ಪ್ರತಿ ಸಿಲಿಂಡರಿಗೂ ಪೆಟ್ರೋಲು ಚಿಮುಕಿಸುವಂಥದ್ದು) ಹಾಕಿದಿರಿ ಅನ್ನಿ. 85 ಅಶ್ವಶಕ್ತಿ. ಓಡಿಸುವವನು 70 ಕೆಜಿ. ಒಟ್ಟು 820. ಈಗ 1200 ಕೆಜಿಯ ಸೆಡಾನ್ ಒಂದನ್ನು ತಗೊಳ್ಳಿ. ಅದೇ ಮನುಷ್ಯ ಕೂತರೆ 1270. ಆ ಸೆಡಾನ್ ಈ ಝೆನ್ ಜೊತೆ ಸಮಸಮ ಕಿತ್ತುಕೊಂಡು ಹೋಗಬೇಕಾದರೆ ಅದಕ್ಕೆ 130ಕ್ಕಿಂತ ಜಾಸ್ತಿ ಅಶ್ವಶಕ್ತಿ ಬೇಕು. ಆ ಹೆಚ್ಚಿನ 45 ಅಶ್ವಶಕ್ತಿಗೆ ಟರ್ಬೋ, ಪಿಸ್ಟನ್, ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು, ರೇಡಿಯೇಟರ್ ಅಂತ ಎಷ್ಟು ದುಡ್ಡು ಹೋಗುತ್ತದೆ ಅಂತ ಇಲ್ಲಿ ಕೂತಿರುವ ಮೆಕ್ಯಾನಿಕ್‌ಗಳಿಗೆ ಚೆನ್ನಾಗಿ ಗೊತ್ತು.

ಇದು ಬರೀ ಎಳೆಯುವ ಲೆಕ್ಕ. ನಿಲ್ಲಿಸುವ ಲೆಕ್ಕ ಇನ್ನೂ ಮುಖ್ಯ. 80 ಕಿಮೀ ವೇಗದಿಂದ ಪೂರ್ತಿ ನಿಲ್ಲಿಸುವಾಗ 820 ಕೆಜಿಯ ಕಾರು ಬ್ರೇಕಿಗೆ ಸುಮಾರು 200 ಕಿಲೋಜೌಲ್ ಶಾಖ ಸುರಿಯುತ್ತದೆ. 1270 ಕೆಜಿಯದು 310ಕ್ಕೂ ಜಾಸ್ತಿ. ಟ್ರ್ಯಾಕಿನಲ್ಲಿ ಒಂದೊಂದು ಸುತ್ತಿನಲ್ಲೂ ನಾಲ್ಕೈದು ಸಲ, ಹತ್ತು ಸುತ್ತು, ಇದೇ ಕತೆ. ನಾನು ಮೊದಲು ಕಟ್ಟಿದ ಕಾರು ಇಂಥ ಭಾರದ ಸೆಡಾನ್. ಇಂಜಿನ್ ಚೆನ್ನಾಗಿದೆ ಅಂತ ಅದನ್ನು ಆರಿಸಿದೆ. ಐದನೇ ಸುತ್ತಿಗೆ ಪೆಡಲ್ ತುಳಿದರೆ ಕೆಸರಿನಲ್ಲಿ ಕಾಲಿಟ್ಟ ಹಾಗೆ ಕೆಳಗೆ ಹೋಯಿತು. ಬ್ರೇಕ್ ಆಯಿಲ್ ಕುದಿದಿತ್ತು. ಕಾರು ಮಣ್ಣಿನ ದಿಬ್ಬಕ್ಕೆ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿಂದಾಚೆಗೆ ನಾನು ತೂಕ ನೋಡದೆ ಯಾವ ಕಾರನ್ನೂ ಮುಟ್ಟಿಲ್ಲ.

ಟೈರಿನದೂ ಒಂದು ಗುಣ ಇದೆ. ಟೈರ್ ಮೇಲೆ ಎರಡರಷ್ಟು ಭಾರ ಹಾಕಿದರೆ ಹಿಡಿತ ಎರಡರಷ್ಟು ಆಗುವುದಿಲ್ಲ, ಅದಕ್ಕಿಂತ ಕಮ್ಮಿಯೇ ಸಿಗುತ್ತದೆ. ಹಾಗಾಗಿ ಹಗುರವಾದ ಕಾರು ಸಣ್ಣ ಟೈರಿನಲ್ಲೇ ತಿರುವಿನಲ್ಲಿ ಚೆನ್ನಾಗಿ ಅಂಟಿಕೊಳ್ಳುತ್ತದೆ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಅನ್ನುತ್ತಾರಲ್ಲ, ತಿರುವಿನಲ್ಲಿ ಇರುವೆಯೇ ಗೆಲ್ಲುತ್ತದೆ.

ಇಂಗ್ಲೆಂಡಿನಲ್ಲಿ ಕಾಲಿನ್ ಚಾಪ್ಮನ್ ಅಂತ ಒಬ್ಬರಿದ್ದರು, ಲೋಟಸ್ ಕಂಪನಿ ಕಟ್ಟಿದವರು. ಅವರು 1948ರಲ್ಲಿ ತಮ್ಮ ಮೊದಲ ಕಾರು ಮಾಡಿದ್ದು ಒಂದು ಹಳೇ ಆಸ್ಟಿನ್ ಸೆವೆನ್ ಮೇಲೆ. ಆ ಕಾಲದ ಬಡವರ ಪುಟ್ಟ ಕಾರು ಅದು. 1957ರಲ್ಲಿ ಬಂದ ಅವರ ಲೋಟಸ್ ಸೆವೆನ್ ಸುಮಾರು 500 ಕೆಜಿ ಮಾತ್ರ. ನಮ್ಮ ಪಾಲಿನ ಆಸ್ಟಿನ್ ಸೆವೆನ್ ಯಾವುದು ಅಂತ ಕೇಳಿದರೆ ಮಾರುತಿ 800 ಅನ್ನುತ್ತೇನೆ. 1983ರ ಡಿಸೆಂಬರಿನಲ್ಲಿ ಮೊದಲ ಕಾರಿನ ಕೀಲಿ ಕೊಟ್ಟರು, 2014ರಲ್ಲಿ ತಯಾರಿಕೆ ನಿಲ್ಲಿಸಿದರು. 796 ಸಿಸಿ, ಮೂರು ಸಿಲಿಂಡರ್, ಸುಮಾರು 650 ಕೆಜಿ. ನಮ್ಮದೇ ರಾಜ್ಯದ ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಅವರು ರೇಸ್ ಕಾರುಗಳನ್ನು ಕಟ್ಟುತ್ತಿದ್ದ ದಿನಗಳಲ್ಲಿ ಇದೇ ಪುಟ್ಟ ಇಂಜಿನ್ ಫಾರ್ಮುಲಾ ಮಾರುತಿ ಅನ್ನುವ ಒಂಟಿ ಸೀಟಿನ ಕಾರಿಗೆ ಬಂತು. ನಾರಾಯಣ್ ಕಾರ್ತಿಕೇಯನ್ ಶುರುವಿನಲ್ಲಿ ಓಡಿಸಿದ್ದು ಅದನ್ನೇ. 2005ರಲ್ಲಿ ಅವರು ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ಆದರು. ಮನೆಯವರೆಲ್ಲ ತುಂಬಿಕೊಂಡು ದೇವಸ್ಥಾನಕ್ಕೆ ಹೋಗುತ್ತಿದ್ದ ಕಾರಿನ ಇಂಜಿನ್ ಅದು. ಸುತ್ತಲಿನ ಭಾರ ತೆಗೆದಾಗ ರೇಸಿನ ಪಾಠಶಾಲೆ ಆಯಿತು.

ಹಾಗಾದರೆ 800 ತಗೊಳ್ಳಬೇಕಾ? ನನ್ನ ಅಭಿಪ್ರಾಯದಲ್ಲಿ ಝೆನ್. 800ರಲ್ಲಿ 12 ಇಂಚಿನ ಚಕ್ರ, ಬಹುಪಾಲು ಕಾರುಗಳಲ್ಲಿ ನಾಲ್ಕೇ ಗೇರು. ಒಳ್ಳೆ ಬ್ರೇಕ್ ಕೂರಿಸಲು ಜಾಗ ಕಡಿಮೆ. ನೂರು ಕೆಜಿ ಕಮ್ಮಿ ಅನ್ನುವುದು ದೊಡ್ಡ ಲಾಭ, ಒಪ್ಪುತ್ತೇನೆ. ಆದರೆ ಆ ಲಾಭದ ಅರ್ಧ ಗೇರ್‌ಬಾಕ್ಸ್, ಚಕ್ರ, ಬ್ರೇಕ್ ಬದಲಿಸುವುದರಲ್ಲಿ ಹೋಗುತ್ತದೆ. ಝೆನ್ 1993ರಲ್ಲಿ ಬಂದಾಗಲೇ ಐದು ಗೇರು, 13 ಇಂಚಿನ ಚಕ್ರ, ಅಲ್ಯೂಮಿನಿಯಂ ಇಂಜಿನ್ ಇತ್ತು. ಅದರ 993 ಸಿಸಿ ಇಂಜಿನ್ನೂ ಎಸ್ಟೀಮಿನ 1298 ಸಿಸಿ ಇಂಜಿನ್ನೂ ಒಂದೇ ಮನೆತನದವು. ಆದ್ದರಿಂದ ಕೂರಿಸುವುದಕ್ಕೆ ಜಾಸ್ತಿ ಕಡಿಯುವ, ವೆಲ್ಡ್ ಮಾಡುವ ಕೆಲಸ ಇಲ್ಲ.

ಟಾಟಾ ನ್ಯಾನೋ ಬಗ್ಗೆ ಬಹಳ ಜನ ಕೇಳುತ್ತಾರೆ. ಸುಮಾರು 600 ಕೆಜಿ, ಇಂಜಿನ್ ಹಿಂದೆ, ಹಿಂದಿನ ಚಕ್ರ ಎಳೆಯುತ್ತದೆ. ಕಾಗದದ ಮೇಲೆ ಆಸೆ ಹುಟ್ಟಿಸುತ್ತದೆ. ಆದರೆ ಅದರ ಚಕ್ರಕ್ಕೆ ಮೂರೇ ನಟ್ಟು, ಮುಂದಿನ ಟೈರು ಹಿಂದಿನದಕ್ಕಿಂತ ಸಣ್ಣದು, ನಾಲ್ಕೂ ಕಡೆ ಡ್ರಮ್ ಬ್ರೇಕ್, ಕಾರು ಎತ್ತರ. ಕಂಪನಿಯವರು ಆ ವೇಗಕ್ಕೆ ಅಂತಲೇ ಹಾಗೆ ಮಾಡಿದ್ದಾರೆ, ತಪ್ಪಿಲ್ಲ. ಅದರ ವೇಗ ಎರಡರಷ್ಟು ಮಾಡಲು ಹೊರಟರೆ ಪ್ರತಿಯೊಂದು ಭಾಗವನ್ನೂ ಬದಲಿಸಬೇಕು. ಮಾರುತಿಯ ಜಿಪ್ಸಿ ಜೀಪು ರ‍್ಯಾಲಿಗೆ ಸರಿ, ಟಾರ್ ಟ್ರ್ಯಾಕಿಗೆ ಬೇಡ.

ಈಗ ಬಾಡಿಯ ವಿಷಯ. ನಾನು ಇದರ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಹಗುರವಾದ ಕಾರಿನ ತಗಡು ತೆಳು. ತೆಳು ತಗಡಿಗೆ ತುಕ್ಕು ಹಿಡಿದರೆ ಉಳಿಯುವುದು ಬಣ್ಣ ಮಾತ್ರ. ಒಂದು ಸಲ ನಾನು ನೋಡಿದ ಝೆನ್ ಫಳಫಳ ಹೊಳೆಯುತ್ತಿತ್ತು. ಕೆಳಗೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರು. ಮಾರುವವರು ಮಳೆಗಾಲಕ್ಕೆ ಅಂತ ಮಾಡಿಸಿದ್ದು ಅಂದರು. ನಾನು ನಂಬಿದೆ. ಮನೆಗೆ ತಂದು ಜಾಕ್ ಕೊಟ್ಟರೆ ಜಾಕ್ ಸೀದಾ ಒಳಗೆ ಹೋಯಿತು. ಆಮೇಲೆ ಅದೇ ಬಾಡಿಯನ್ನು ಕತ್ತರಿಸಿ ಗುಜರಿಗೆ ಹಾಕಿದೆ. ಕೈಯಾರೆ ಕತ್ತರಿಸುವಾಗ ಆದ ಸಂಕಟ ಈಗಲೂ ಇದೆ.

ಅದಕ್ಕೇ ಕಾರು ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಇಟ್ಟುಕೊಳ್ಳಿ. ಬಟ್ಟೆ ಸುತ್ತಿರಿ, ಬಣ್ಣಕ್ಕೆ ಗೀರು ಬೀಳಬಾರದು. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆಯ ಅಡಿ, ಬಾನೆಟ್ ಎತ್ತಿದರೆ ಕಾಣುವ ಶಾಕ್ ಅಬ್ಸಾರ್ಬರ್ ತಲೆ ಬಿಗಿಯುವ ಜಾಗ, ಎಲ್ಲ ಕಡೆ ಮುಟ್ಟಿಸಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತುಕ್ಕು ಮುಚ್ಚಲು ಪುಟ್ಟಿ ತುಂಬಿದ್ದಾರೆ. ಕಾರ್ಪೆಟ್ ಎತ್ತಿ ನೆಲ ನೋಡಿ. ಎತ್ತಲು ಬಿಡದಿದ್ದರೆ ಕಾರು ಬಿಡಿ. ಇಂಜಿನ್ ಹೊಗೆ ಬಿಟ್ಟರೆ ಬಿಡಲಿ, ಅದನ್ನು ಹೇಗೂ ತೆಗೆಯುತ್ತೀರಿ. ಓಡದೇ ನಿಂತ, ಬಾಡಿ ಗಟ್ಟಿ ಇರುವ ಕಾರು ನಿಮಗೆ ಚಿನ್ನ.

ತಂದ ಮೇಲೆ ಏನೂ ಬಿಚ್ಚದೆ ಸೀದಾ ವೇಬ್ರಿಡ್ಜ್‌ಗೆ ಹೋಗಿ. ಟೊಮೇಟೊ, ಕೋಸು ಲಾರಿ ತೂಗುವ ಕಡೆಯೇ ಆಗುತ್ತದೆ. ಅಲ್ಲಿ ಹತ್ತು ಕೆಜಿ ಆಚೀಚೆ ಇದ್ದರೂ ನಮಗೆ ಸಾಕು. ಮೊದಲು ಪೂರ್ತಿ ಕಾರು, ಆಮೇಲೆ ಮುಂದಿನ ಎರಡು ಚಕ್ರ ಮಾತ್ರ. ಇಂಥ ಕಾರುಗಳಲ್ಲಿ ತೂಕದ ಹೆಚ್ಚು ಪಾಲು ಮುಂದೆಯೇ ಇರುತ್ತದೆ. ಬ್ಯಾಟರಿಯನ್ನು ಹಿಂದಕ್ಕೆ ತಂದರೆ ಸ್ವಲ್ಪ ಸರಿಹೋಗುತ್ತದೆ. ವೇಬ್ರಿಡ್ಜ್‌ನವರು ಕೊಟ್ಟ ತೂಕದ ಚೀಟಿಯನ್ನು ಗೋಡೆಗೆ ಅಂಟಿಸಿ. ಹಿಂದಿನ ಸೀಟು, ಸ್ಟೆಪ್ನಿ, ಕಾರ್ಪೆಟ್, ಅದರ ಅಡಿಯ ಟಾರ್ ಶೀಟು, ತೆಗೆದ ಪ್ರತಿ ವಸ್ತುವನ್ನೂ ತೂಗಿ ಬರೆಯಿರಿ. ಆದರೆ ಬಾಡಿಯ ಬೀಮುಗಳಿಗೆ ತೂತು ಕೊರೆಯಬೇಡಿ. ಚಕ್ರವನ್ನೂ ದೊಡ್ಡದು ಮಾಡಬೇಡಿ. 15 ಇಂಚಿನ ಭಾರದ ಅಲಾಯ್ ಹಾಕಿದರೆ ಕಾರು ನೋಡಲು ಚೆನ್ನಾಗಿರುತ್ತದೆ, ಅಷ್ಟೆ. ತಿರುಗುವ ತೂಕ ಜಾಸ್ತಿಯಾದರೆ ಎಳೆತವೂ ಕೆಡುತ್ತದೆ, ಹಳ್ಳದಿಣ್ಣೆಯ ಮೇಲೆ ಟೈರ್ ನೆಲ ಬಿಡುತ್ತದೆ.

ತೆಗೆದ ತೂಕದಲ್ಲಿ ಒಂದು ಪಾಲನ್ನು ವಾಪಸ್ ಹಾಕಲೇಬೇಕು. ಅದು ರೋಲ್ ಕೇಜ್, ಕಾರು ಮಗುಚಿದರೆ ಒಳಗಿರುವವನನ್ನು ಕಾಯುವ ಉಕ್ಕಿನ ಪಂಜರ. ಮುಖ್ಯ ಕಮಾನಿಗೆ 45 ಮಿಮೀ ಅಗಲ, 2.5 ಮಿಮೀ ದಪ್ಪದ ಜೋಡಣೆ ಇಲ್ಲದ ಉಕ್ಕಿನ ಕೊಳವೆ ಬೇಕು. ಮೀಟರಿಗೆ ಸುಮಾರು 2.6 ಕೆಜಿ. ಒಟ್ಟು 40 ಕೆಜಿ ಹತ್ತಿರ ಬರಬಹುದು. ದಯವಿಟ್ಟು ಅಲ್ಲಿ ಉಳಿಸಬೇಡಿ. ನೀರಿನ ಜಿಐ ಪೈಪಿನಲ್ಲಿ ಮಾಡಿದ ಕೇಜ್ ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಅದು ಒಳಗಿರುವವನನ್ನು ಕಾಯುವುದಿಲ್ಲ, ಅವನ ಮೇಲೆಯೇ ಮುರಿದು ಬೀಳುತ್ತದೆ.

ಕಾನೂನು ಬೇಗ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಇಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಮೊದಲೇ ಬೇಕು. ಅತ್ತಿಬೆಲೆ ಆಚೆ ಕರ್ನಾಟಕದ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಎನ್‌ಒಸಿ ಬೇಕು. ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ತಮಿಳುನಾಡಿನ ನಂಬರ್ ಆಗಬೇಕು. ನಾನು ಕಟ್ಟುವುದು ಟ್ರ್ಯಾಕಿಗೆ ಮಾತ್ರ. ಟ್ರೇಲರ್ ಮೇಲೆ ಹೊರಿಸಿ ಕೃಷ್ಣಗಿರಿ, ಸೇಲಂ ದಾಟಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನುವ ರೇಸ್ ಟ್ರ್ಯಾಕಿಗೆ ಒಯ್ಯುತ್ತೇವೆ. ಹೆದ್ದಾರಿಯಲ್ಲಿ ಯಾರ ಜೊತೆಗೂ ಪಂದ್ಯ ಕಟ್ಟುವುದಿಲ್ಲ. ಕಟ್ಟುವವರಿಗೆ ಕಾರು ಮಾಡಿಕೊಡುವುದೂ ಇಲ್ಲ.

ಹೊರಗೆ ಬೇವಿನ ಮರದ ಕೆಳಗೆ ಟ್ರೇಲರ್ ಮೇಲೆ ಒಂದು ಝೆನ್ ನಿಂತಿದೆ. ಮೊನ್ನೆ ತಂದಿದ್ದು, ಇನ್ನೂ ಏನೂ ಬಿಚ್ಚಿಲ್ಲ. ಅದರಲ್ಲಿ ಎರಡು ಕಡೆ ಪುಟ್ಟಿ ಇದೆ, ಎಲ್ಲಿ ಅಂತ ನಾನು ಹೇಳುವುದಿಲ್ಲ. ನಾಲ್ಕು ಮ್ಯಾಗ್ನೆಟ್ ತಂದಿದ್ದೇನೆ. ನಾಲ್ಕು ನಾಲ್ಕು ಜನ ಬನ್ನಿ, ಬಗ್ಗಿ ನೋಡಿ, ಹುಡುಕಿ ಹೇಳಿ.