ಮೂಟೆ ಹೊತ್ತವಳ ನಡಿಗೆ

(ಹಾಸನದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯಿಂದ ಬೆಳಗ್ಗೆ ಬೇಗ ಬಸ್ಸು ಹಿಡಿದು ಬಂದಿದ್ದೀರಿ ಅಂತ ನಿಮ್ಮ ಮೇಡಂ ಹೇಳಿದರು. ತಿಂಡಿ ಆಯ್ತು ತಾನೇ? ಹಾಗಾದರೆ ಶುರು ಮಾಡೋಣ.

ಮೂಡಿಗೆರೆ ಹತ್ತಿರ ನಮ್ಮ ಅಕ್ಕನ ಮನೆ. ಹೋದ ತಿಂಗಳು ಹೋಗಿದ್ದೆ. ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ರಾತ್ರಿ ಊಟ ಆದ ಮೇಲೆ ಮೊಬೈಲ್‌ನಲ್ಲಿ ಬಿಜಿಎಂಐ ಅನ್ನುವ, ಗುಂಪು ಕಟ್ಟಿಕೊಂಡು ಗುಂಡು ಹಾರಿಸುವ ಗೇಮ್ ಆಡುತ್ತಾ ಕೂತಿದ್ದಳು. ಚೆನ್ನಾಗಿ ಆಡುತ್ತಾಳೆ, ಗುರಿ ತಪ್ಪುವುದಿಲ್ಲ. ಟೀಮಿನ ಹುಡುಗರು "ಬ್ರೋ, ಎಲ್ಲಿದ್ದೀಯ ಬ್ರೋ" ಅಂತ ಕೂಗುತ್ತಿದ್ದರು. ಇವಳದು ಮೈಕ್ ಆಫ್. "ಯಾಕೆ ಪುಟ್ಟಿ, ಮಾತಾಡಲ್ವಾ?" ಅಂದೆ. "ಹುಡುಗಿ ಅಂತ ಗೊತ್ತಾದ್ರೆ ಆಟ ಬಿಟ್ಟು ಬೇರೆ ಮಾತು ಶುರು ಮಾಡ್ತಾರೆ ಚಿಕ್ಕಮ್ಮ" ಅಂದಳು. ಅವಳು ಆರಿಸಿಕೊಂಡ ಪಾತ್ರವೂ ಗಂಡಸಿನದೇ. ಅದ್ಯಾಕೆ ಅಂತ ಕೇಳಿದೆ. ಸ್ಕ್ರೀನಿನಿಂದ ಕಣ್ಣು ತೆಗೆಯದೆ ಹೇಳಿದಳು: "ಗೇಮಲ್ಲಿರೋ ಹುಡುಗೀರು ಯಾರೂ ನನ್ನ ಥರ ಇಲ್ವಲ್ಲ."

ಆ ಮಾತು ನನಗೆ ನಾಟಿತು. ಯಾಕೆಂದರೆ ಅಂಥ ಹುಡುಗಿಯರನ್ನು ಮಾಡುವವರಲ್ಲಿ ನಾನೂ ಒಬ್ಬಳು.

ನಾನು ಬೆಂಗಳೂರಿನಲ್ಲಿ ಗೇಮ್ ಅನಿಮೇಟರ್. ಬೇರೆಯವರು ಪಾತ್ರದ ಮೈ, ಬಟ್ಟೆ, ಕೂದಲು ಮಾಡಿಕೊಡುತ್ತಾರೆ. ಒಳಗೆ ಒಂದು ಎಲುಬಿನ ಗೂಡು ಕೂರಿಸುತ್ತಾರೆ, ಅದಕ್ಕೆ ರಿಗ್ ಅನ್ನುತ್ತೇವೆ. ಆ ರಿಗ್ ಹಿಡಿದು ಪಾತ್ರವನ್ನು ನಡೆಸುವುದು, ಓಡಿಸುವುದು, ಬೀಳಿಸುವುದು ನನ್ನ ಪಾಲಿನ ಕೆಲಸ. ಎರಡು ಹೆಜ್ಜೆ ಸರಿಯಾಗಿ ಮಾಡಿಕೊಟ್ಟರೆ ಕಂಪ್ಯೂಟರ್ ಅದನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ವಾಕ್ ಸೈಕಲ್ ಅಂದರೆ ಅದೇ. ನೀವು 20 ಗಂಟೆ ಆಡಿದರೆ 20 ಗಂಟೆಯೂ ನೋಡುವುದು ಆ ಎರಡು ಹೆಜ್ಜೆಯನ್ನೇ.

ಹೆಂಗಸಿನ ನಡಿಗೆ ಅಂತ ನನಗೆ ಕಲಿಸಿದ್ದು ಹೀಗೆ. ಎರಡೂ ಪಾದ ಒಂದೇ ಗೆರೆ ಮೇಲೆ ಬೀಳಬೇಕು. ಸೊಂಟ ಜಾಸ್ತಿ ಆಡಬೇಕು. ಕೈ ಮೈಗೆ ಹತ್ತಿರ ಇರಬೇಕು. ಗಂಡಸಾದರೆ ಪಾದ ಅಗಲ, ಎದೆ ಮುಂದೆ. ನಾನು ಅದನ್ನೇ ಕಲಿತೆ, ವರ್ಷಗಟ್ಟಲೆ ಅದನ್ನೇ ಮಾಡಿದೆ. ಅದು ಫ್ಯಾಷನ್ ಶೋದ ನಡಿಗೆ. ನಮ್ಮೂರಲ್ಲಿ ಹಾಗೆ ನಡೆಯುವ ಒಬ್ಬ ಹೆಂಗಸನ್ನೂ ನಾನು ಕಂಡಿಲ್ಲ.

ನಮ್ಮೂರ ಹೆಂಗಸರ ನಡಿಗೆ ನೀವೂ ನೋಡಿದ್ದೀರಿ. ಆದರೂ ಒಂದು ಸಲ ಜೊತೆಯಲ್ಲಿ ನೋಡೋಣ. ಡಿಸೆಂಬರ್ ತಿಂಗಳು, ಕಾಫಿ ಕೊಯ್ಲು. ಸಂಜೆ ನಾಲ್ಕೂವರೆ. ಸೀರೆ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್. ಇಡೀ ದಿನ ಕೊಯ್ದ ಹಣ್ಣು ಮೂಟೆಯಲ್ಲಿದೆ. ಒಬ್ಬಳೇ ಎತ್ತಿಕೊಳ್ಳಲು ಆಗುವುದಿಲ್ಲ. "ಬಾರೇ, ಒಂದು ಕೈ ಹಾಕು" ಅಂತ ಪಕ್ಕದವಳನ್ನು ಕರೆಯುತ್ತಾಳೆ. ಇಬ್ಬರೂ ಮಂಡಿ ಬಗ್ಗಿಸುತ್ತಾರೆ. ಮೂಟೆ ಮೊದಲು ತೊಡೆಗೆ ಬರುತ್ತದೆ, ಅಲ್ಲಿಂದ ಒಂದೇ ಉಸಿರಿಗೆ ತಲೆ ಮೇಲಿನ ಸಿಂಬೆಗೆ. ಕತ್ತು ನೆಟ್ಟಗಾಗುತ್ತದೆ. ಆಮೇಲೆ ನಡಿಗೆ. ಪಾದ ಅಗಲ, ಹೆಜ್ಜೆ ಗಿಡ್ಡ, ಬೇಗ ಬೇಗ. ಮಂಡಿ ಪೂರ್ತಿ ನೆಟ್ಟಗಾಗುವುದೇ ಇಲ್ಲ. ಸೊಂಟದಿಂದ ಕೆಳಗೆ ಎಲ್ಲ ಓಡಾಡುತ್ತದೆ, ತಲೆ ಮಾತ್ರ ಗಾಳಿಯಲ್ಲಿ ಗೆರೆ ಎಳೆದ ಹಾಗೆ ಹೋಗುತ್ತದೆ. ಇಳಿಜಾರು, ಒದ್ದೆ ಎಲೆ. ಕೆಳಗೆ ನೋಡುವ ಹಾಗಿಲ್ಲ. ಪಾದವೇ ನೆಲ ತಡಕಿಕೊಂಡು ಇಳಿಯುತ್ತದೆ. ಕಣದಲ್ಲಿ ಮೂಟೆ ಇಳಿಸಿದ ಮೇಲೂ ಒಂದೆರಡು ಗಳಿಗೆ ಕತ್ತು ಹಾಗೇ ಬಿಗಿಯಾಗಿರುತ್ತದೆ. ಆಮೇಲೆ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ, ತೂಕದ ತಕ್ಕಡಿ ಕಡೆ ನೋಡುತ್ತಾಳೆ. ಎಷ್ಟು ಕೆಜಿ ಆಯ್ತು ಅಂತ.

ಆ ಕತ್ತು ತಿರುಗಿಸುವುದಿದೆಯಲ್ಲ, ಅದು ಒಂದು ಗೇಮಿನಲ್ಲಿ ಬಂದರೆ ನಾನು ಆ ಪಾತ್ರವನ್ನು ನಂಬುತ್ತೇನೆ. ಹೆಣ್ಣು ಪಾತ್ರ ನಿಜ ಅನಿಸಬೇಕಾದರೆ ಅವಳ ಮೈಗೆ ತೂಕ ಇರಬೇಕು. ಅವಳು ಹೊತ್ತದ್ದಕ್ಕೂ ತೂಕ ಇರಬೇಕು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

ಒಂದು ಸಲ ನಾನು ಇದನ್ನು ಮಾಡಲು ಹೋಗಿ ಬಿಟ್ಟುಕೊಟ್ಟೆ. ಯಾವ ಕಂಪನಿ ಅನ್ನುವುದು ಬೇಡ. ಒಂದು ಮೊಬೈಲ್ ಗೇಮಿಗೆ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸು ಬೇಕಿತ್ತು. ನಲವತ್ತೈದು ವಯಸ್ಸು, ಗಟ್ಟಿ ತೋಳು, ಬುಟ್ಟಿ ಇಳಿಸುವಾಗ ಸೊಂಟಕ್ಕೆ ಒಂದು ಕೈ. ಅವಳ ಅನಿಮೇಷನ್‌ಗೆ ಮೂರು ವಾರ ಕೂತಿದ್ದೆ. ರಿವ್ಯೂ ದಿನ ಮೇಲಿನವರು ನೋಡಿ, "ಚೆನ್ನಾಗಿದೆ, ಆದ್ರೆ ಸ್ವಲ್ಪ ಅಟ್ರಾಕ್ಟಿವ್ ಮಾಡಿ" ಅಂದರು. ನನ್ನ ಪಕ್ಕದ ಹುಡುಗ ಮೈಯ ಅಳತೆ ಬದಲಿಸುವ ಸ್ಲೈಡರ್ ಎಳೆದ. ಸೊಂಟ ಸಣ್ಣಗಾಯಿತು, ತೋಳು ತೆಳ್ಳಗಾಯಿತು, ಮುಖದ ಗೆರೆ ಹೋಯಿತು. ಬುಟ್ಟಿ ಮಾತ್ರ ಅಷ್ಟೇ ದೊಡ್ಡದು. ಈಗ ಆ ಬುಟ್ಟಿ ಖಾಲಿ ಅನ್ನುವ ಹಾಗೆ ಕಾಣುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಗೇಮ್ ಹಾಗೇ ಹೊರಗೆ ಬಂತು. ಇವತ್ತಿಗೂ ಅದು ನನಗೆ ಚುಚ್ಚುತ್ತದೆ. ನಾಳೆ ನಿಮ್ಮಲ್ಲಿ ಯಾರಾದರೂ ಆ ಕುರ್ಚಿಯಲ್ಲಿ ಕೂತಾಗ, ಬುಟ್ಟಿ ಖಾಲಿ ಕಾಣುತ್ತಿದೆ ಅಂತ ಹೇಳಿ. ಅದು ಕೆಲಸದ ಮಾತು. ಯಾರೂ ತಳ್ಳಿಹಾಕಲು ಆಗುವುದಿಲ್ಲ.

ಈ ಕತೆ ಹಳೆಯದು. 1981ರ ಗೇಮ್ ಡಾಂಕಿ ಕಾಂಗ್‌ನಲ್ಲಿ ಹೆಣ್ಣಿಗೆ ಇದ್ದ ಕೆಲಸ ಒಂದೇ, ಮೇಲೆ ನಿಂತು ಕಾಪಾಡಿ ಅಂತ ಕೂಗುವುದು. 1985ರ ಸೂಪರ್ ಮಾರಿಯೋದಲ್ಲಿ ರಾಜಕುಮಾರಿ ಪ್ರತಿ ಸಲವೂ ಬೇರೆ ಕೋಟೆಯಲ್ಲಿ ಇರುತ್ತಾಳೆ. 1986ರಲ್ಲಿ ಮೆಟ್ರಾಯ್ಡ್ ಬಂತು. ಇಡೀ ಆಟ ಕಬ್ಬಿಣದ ಕವಚ ತೊಟ್ಟು ಕಾದಾಡಿದ ವೀರ ಕೊನೆಯಲ್ಲಿ ಶಿರಸ್ತ್ರಾಣ ತೆಗೆದರೆ ಹೆಂಗಸು, ಸೇಮಸ್. ಎಂಥ ಒಳ್ಳೆಯ ಜಾಗ ಅದು! ಆದರೆ ಆಟ ಬೇಗ ಮುಗಿಸಿದಷ್ಟೂ ಅವಳ ಮೈಮೇಲಿನ ಬಟ್ಟೆ ಕಡಿಮೆ. ಗೆದ್ದದ್ದು ಅವಳು, ಬಹುಮಾನವಾಗಿ ಹೋದದ್ದೂ ಅವಳೇ. ಅದೇ ದಶಕದಲ್ಲಿ ಕ್ಯಾರಲ್ ಶಾ 1982ರಲ್ಲಿ ರಿವರ್ ರೇಡ್ ಮಾಡಿದರು, ರೊಬರ್ಟಾ ವಿಲಿಯಮ್ಸ್ 1988ರ ಕಿಂಗ್ಸ್ ಕ್ವೆಸ್ಟ್ 4ರಲ್ಲಿ ರೊಸೆಲ್ಲಾ ಅನ್ನುವ ಹುಡುಗಿಯನ್ನು ನಾಯಕಿ ಮಾಡಿದರು. ಗೇಮ್ ಮಾಡುವ ಹೆಂಗಸರು ಮೊದಲಿನಿಂದಲೂ ಇದ್ದಾರೆ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಲಾರಾ ಕ್ರಾಫ್ಟ್. 1996ರ ಟೂಂಬ್ ರೈಡರ್. ಓದಿದವಳು, ಧೈರ್ಯಸ್ಥೆ, ಗುಹೆಯೊಳಗೆ ಒಬ್ಬಳೇ ಇಳಿಯುವವಳು. ಆದರೆ ಜಾಹೀರಾತುಗಳಲ್ಲಿ ಕಂಡದ್ದು ಅವಳ ಎದೆ, ಅವಳ ಚಿಕ್ಕ ಚಡ್ಡಿ. 2013ರಲ್ಲಿ ಅವಳನ್ನು ಹೊಸದಾಗಿ ಮಾಡಿದರು. ಪ್ಯಾಂಟು, ಕೆಸರು, ಸರಿಯಾದ ಮೈಕಟ್ಟು. ಎಲ್ಲರೂ "ಈಗ ನಿಜ ಆದಳು" ಅಂದರು. ನಾನು ಅರ್ಧ ಒಪ್ಪುತ್ತೇನೆ. ಆ ಆಟದಲ್ಲಿ ಅವಳು ಬೀಳುತ್ತಾಳೆ, ಚುಚ್ಚಿಸಿಕೊಳ್ಳುತ್ತಾಳೆ, ನರಳುತ್ತಾಳೆ, ಮತ್ತೆ ಬೀಳುತ್ತಾಳೆ. ಆಟ ಹೊರಬರುವ ಮೊದಲೇ ಅದರ ನಿರ್ಮಾಪಕರೊಬ್ಬರು ಆಡುವವರಿಗೆ ಅವಳನ್ನು ಕಾಪಾಡಬೇಕು ಅನಿಸುತ್ತದೆ ಅನ್ನುವ ಅರ್ಥದ ಮಾತಾಡಿ, ದೊಡ್ಡ ಗಲಾಟೆ ಆಯಿತು. ಗಂಡು ನಾಯಕನ ಬಗ್ಗೆ ಯಾರೂ ಹಾಗೆ ಹೇಳುವುದಿಲ್ಲ ಅಲ್ವಾ? ಹೆಣ್ಣು ನೋವು ತಿಂದರೆ ಮಾತ್ರ ನಿಜ ಅನ್ನುವುದು ಬರೀ ಇನ್ನೊಂದು ಅಚ್ಚು. ಮೂಟೆ ಹೊತ್ತವಳಿಗೆ ನೋವಿದೆ, ನಿಜ. ಆದರೆ ಅವಳು ನೋಡುತ್ತಿರುವುದು ತಕ್ಕಡಿಯನ್ನು.

2014ರಲ್ಲಿ ಇನ್ನೊಂದು ಮಾತು ಬಂತು. ಅಸಾಸಿನ್ಸ್ ಕ್ರೀಡ್ ಯೂನಿಟಿಯಲ್ಲಿ ನಾಲ್ಕು ಜನ ಒಟ್ಟಿಗೆ ಆಡಬಹುದು, ನಾಲ್ವರೂ ಗಂಡಸರು. ಯಾಕೆ ಅಂದರೆ ಹೆಣ್ಣು ಪಾತ್ರಕ್ಕೆ ಅನಿಮೇಷನ್, ಬಟ್ಟೆ ಎಲ್ಲ ದುಪ್ಪಟ್ಟು ಕೆಲಸ ಅಂತ ಉತ್ತರ. ಇದು ನನ್ನದೇ ಕೆಲಸ, ಹಾಗಾಗಿ ಹೇಳುತ್ತೇನೆ. ಒಂದು ರಿಗ್‌ನ ಚಲನೆಯನ್ನು ಇನ್ನೊಂದು ರಿಗ್‌ಗೆ ದಾಟಿಸಬಹುದು. ಮರ ಹತ್ತುವಾಗ, ಗೋಡೆ ಹಾರುವಾಗ, ಓಡುವಾಗ ಗಂಡಿಗೂ ಹೆಣ್ಣಿಗೂ ಅಷ್ಟು ವ್ಯತ್ಯಾಸ ಇಲ್ಲ. ಅದೇ ಸರಣಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಅನಿಮೇಟರ್ ಒಬ್ಬರು ಇದು ಒಂದೆರಡು ದಿನದ ಕೆಲಸ ಅಂತ ಬಹಿರಂಗವಾಗಿಯೇ ಹೇಳಿದರು. ನಾಲ್ಕು ವರ್ಷ ಕಳೆದು ಅದೇ ಸರಣಿಯಲ್ಲಿ ಬಂದ ಒಡಿಸ್ಸಿ ಅನ್ನುವ ಗೇಮಿನಲ್ಲಿ ಹೆಣ್ಣು ಕಸ್ಸಾಂಡ್ರಾ ಅಥವಾ ಗಂಡು ಅಲೆಕ್ಸಿಯೋಸ್, ಯಾರನ್ನಾದರೂ ಆರಿಸಿಕೊಂಡು ಇಡೀ ಕತೆ ಆಡಬಹುದು. ಕಸ್ಸಾಂಡ್ರಾ ಕತ್ತಿ ಬೀಸುವುದನ್ನು ನೋಡಿ. ತೋಳಿನಲ್ಲಿ ಬಲ ಇದೆ, ಪಾದ ನೆಲ ಕಚ್ಚಿ ನಿಂತಿದೆ.

ತೋಳು ಅಂದಾಗ ಆ್ಯಬಿ ನೆನಪಾಗುತ್ತಾಳೆ. 2020ರ ದಿ ಲಾಸ್ಟ್ ಆಫ್ ಅಸ್ ಭಾಗ 2. ಜಗತ್ತು ಹಾಳಾಗಿದೆ. ಅವಳ ಗುಂಪು ಒಂದು ಕ್ರೀಡಾಂಗಣದಲ್ಲಿ ನೆಲೆ ನಿಂತಿದೆ. ಅಲ್ಲಿ ದನ ಇವೆ, ಊಟ ಇದೆ, ಜಿಮ್ ಇದೆ. ತಂದೆಯನ್ನು ಕೊಂದವನನ್ನು ಹುಡುಕಲು ಅವಳು ವರ್ಷಗಟ್ಟಲೆ ಮೈ ಬೆಳೆಸಿದ್ದಾಳೆ. ಅವಳ ತೋಳಿಗೆ ಕತೆಯಲ್ಲೇ ಕಾರಣ ಇದೆ. ಆ ಮೈಕಟ್ಟಿಗೆ ಮಾದರಿಯಾದದ್ದು ಒಬ್ಬ ನಿಜವಾದ ಕ್ರೀಡಾಪಟು. ಆದರೂ ಹೆಂಗಸರಿಗೆ ಅಂಥ ತೋಳು ಇರಲ್ಲ ಅಂತ ಸಾವಿರಾರು ಜನ ಜಗಳಕ್ಕೆ ನಿಂತರು. ದನಿ ಕೊಟ್ಟ ನಟಿಗೆ ಕೊಲೆ ಬೆದರಿಕೆ ಹಾಕಿದರು. 2022ರಲ್ಲಿ ಹೊರೈಜನ್ ಫರ್ಬಿಡನ್ ವೆಸ್ಟ್ ಬಂದಾಗ ಅದರ ನಾಯಕಿ ಏಲಾಯ್ ಕೆನ್ನೆ ಮೇಲಿನ ಸಣ್ಣ ರೋಮ ಕಂಡು ಗಡ್ಡ ಬಂದಿದೆ ಅಂದರು. ಬಿಸಿಲಿಗೆ ಮುಖ ಒಡ್ಡಿದರೆ ಎಲ್ಲರ ಕೆನ್ನೆ ಮೇಲೂ ಕಾಣುವ ರೋಮ ಅದು. ಪಕ್ಕದಲ್ಲಿ ಕೂತವರನ್ನು ಕಿಟಕಿ ಬೆಳಕಲ್ಲಿ ನೋಡಿ, ಗೊತ್ತಾಗುತ್ತದೆ. ಗಡ್ಡ ಅಂದವರು ಹೆಂಗಸರ ಮುಖವನ್ನು ಹತ್ತಿರದಿಂದ, ಫಿಲ್ಟರ್ ಇಲ್ಲದೆ ನೋಡಿದ್ದೇ ಕಡಿಮೆ ಅನಿಸಿ ನನಗೆ ಬೇಜಾರಾಯಿತು.

ಎಲ್ಲಿ ಹೋದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. ಗೇಮ್ ಅಂದರೆ ಕಲ್ಪನೆ, ಚೆಂದ ಇದ್ದರೆ ತಪ್ಪೇನು? ಬೇಲೂರಿನ ಮದನಿಕೆಯರೂ ಹಾಗೇ ಇಲ್ವಾ? ಹೋದ ವರ್ಷ ಒಬ್ಬ ಹುಡುಗ ಹೀಗೇ ಕೇಳಿದ. ಒಳ್ಳೆಯ ಪ್ರಶ್ನೆ. ಬೇಲೂರು ಇಲ್ಲಿಂದ 40 ಕಿಲೋಮೀಟರ್ ಹತ್ತಿರ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿ. ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬಂದಿದ್ದೀರಿ. ಮತ್ತೊಮ್ಮೆ ಹೋಗಿ, ಈ ಸಲ ಪಾದ ನೋಡಿ. ಹೌದು, ಸಣ್ಣ ಸೊಂಟ, ತುಂಬಿದ ಎದೆ. ಕಲ್ಪನೆಯ ಮೈಯೇ. ಆದರೆ ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ನಿಂತಿದ್ದಾಳೆ. ಒಬ್ಬಳು ವಾದ್ಯ ಬಾರಿಸುತ್ತಿದ್ದಾಳೆ. ಇನ್ನೊಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ, ಅವಳು ಅದನ್ನು ಓಡಿಸುತ್ತಿದ್ದಾಳೆ. ಒಂದು ಕಾಲಿನ ಮೇಲೆ ಭಾರ ಬಿದ್ದಿದೆ, ಆ ಕಡೆಯ ಸೊಂಟ ಮೇಲೆದ್ದಿದೆ, ಭುಜ ಅದಕ್ಕೆ ತಕ್ಕಂತೆ ಇಳಿದಿದೆ. ಭಾರ ಎಲ್ಲಿದೆ ಅಂತ ಆ ಶಿಲ್ಪಿಗೆ ಗೊತ್ತಿತ್ತು. ನಾನು ಅನಿಮೇಷನ್‌ನಲ್ಲಿ ಮೊದಲು ಕಲಿಯಬೇಕಾಗಿದ್ದ ಪಾಠ ಅದು. ಚೆಂದ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಚೆಂದದವಳಿಗೂ ಕೈಯಲ್ಲಿ ಒಂದು ಕೆಲಸ, ಮನಸ್ಸಿನಲ್ಲಿ ಒಂದು ಯೋಚನೆ ಇರಲಿ.

ನನಗೆ ತುಂಬಾ ಹತ್ತಿರವಾದ ಗೇಮ್ ಒಂದಿದೆ. ವೆಣ್ಬಾ, 2023ರದ್ದು. ಕೆನಡಾದಲ್ಲಿ ಒಂದು ಸಣ್ಣ ತಂಡ ಮಾಡಿದ್ದು. ನಾಯಕಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ಹೆಂಗಸು. ಗಂಡ, ಮಗ, ಬಾಡಿಗೆ ಮನೆ, ಸಿಗದ ಕೆಲಸ. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದು ಅಕ್ಷರ ಅಳಿಸಿಹೋಗಿದೆ. ಅದನ್ನು ಊಹಿಸಿ ಅಡುಗೆ ಮಾಡುವುದೇ ಆಟ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಬೇಕು ಅನ್ನುವುದೇ ಅಲ್ಲಿ ಒಂದು ಒಗಟು. ನಾನು ಅದನ್ನು ಅಮ್ಮನಿಗೆ ಕೊಟ್ಟೆ. ಅಮ್ಮ ಜೀವನದಲ್ಲಿ ಗೇಮ್ ಆಡಿದವರಲ್ಲ. ಕನ್ನಡಕ ಹಾಕಿಕೊಂಡು, ಒಂದೇ ಬೆರಳಲ್ಲಿ ತಟ್ಟೆ ಸರಿಸಿ, "ಹಬೆ ಹೋಗಕ್ಕೆ ಜಾಗ ಬೇಡ್ವೇನೇ?" ಅಂದರು. ನಾನು ತಡಕಾಡಿದ ಒಗಟು ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಮಗ ದೊಡ್ಡವನಾಗಿ ಅಮ್ಮನ ಅಡುಗೆ ಬೇಡ ಅನ್ನುವ ಜಾಗ ಬಂತು. ಅಮ್ಮ ಸುಮ್ಮನೆ ಆಟ ನಿಲ್ಲಿಸಿದರು. ಸ್ವಲ್ಪ ಹೊತ್ತು ಬಿಟ್ಟು "ಆಮೇಲೆ ಏನಾಗತ್ತೆ ತೋರಿಸು" ಅಂದರು. ಐವತ್ತೆಂಟು ವರ್ಷದ ನಮ್ಮಮ್ಮ ಮೊದಲ ಸಲ ಒಂದು ಗೇಮಿನಲ್ಲಿ ತಮ್ಮ ಥರದವರನ್ನು ಕಂಡಿದ್ದರು. ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಪುಣೆಯ ತಂಡ 2020ರಲ್ಲಿ ರಾಜಿ ಅನ್ನುವ ಆಟ ಮಾಡಿತು. ತಮ್ಮನನ್ನು ಹುಡುಕುತ್ತಾ ಹೊರಡುವ ಹುಡುಗಿಯ ಕತೆ. ಕನ್ನಡದ ಹುಡುಗಿಯೊಬ್ಬಳನ್ನು ಅಂಥ ಆಟದಲ್ಲಿ ನೋಡಲು ನಾನು ಕಾಯುತ್ತಿದ್ದೇನೆ.

ಸಾಕು, ಮಾತು ಜಾಸ್ತಿ ಆಯ್ತು. ಈಗ ಕೆಲಸ. ಇಲ್ಲಿ ವೇದಿಕೆ ಪಕ್ಕ ಒಂದು ಮೂಟೆ ಇಟ್ಟಿದ್ದೇನೆ. ಕಾಫಿ ಇಲ್ಲ, ಮರಳು ತುಂಬಿದೆ, 25 ಕೆಜಿ. ಇದು ಸಿಂಬೆ. ಅಕ್ಕನ ಮನೆಯ ತೋಟಕ್ಕೆ ಬರುವ ಒಬ್ಬ ಹೆಂಗಸು ಸುತ್ತಿಕೊಟ್ಟಿದ್ದು. ಅವರು ಇದರ ಎರಡರಷ್ಟು ಹೊರುತ್ತಾರೆ. ಮೂರು ಫೋನ್ ಬೇಕು, ಒಂದು ಮುಂದೆ, ಒಂದು ಪಕ್ಕಕ್ಕೆ, ಒಂದು ಪಾದದ ಹತ್ತಿರ. ಕುರ್ಚಿಗಳನ್ನು ಗೋಡೆ ಕಡೆ ಸರಿಸಿ. ಹುಡುಗರೂ ಹೊರಬೇಕು, ಹುಡುಗಿಯರೂ ಹೊರಬೇಕು. ವಿಡಿಯೋ ಪಕ್ಕಪಕ್ಕ ಇಟ್ಟು ನೋಡೋಣ. ಯಾರು ಮೊದಲು ಬರುತ್ತೀರಿ? ಬಾಮ್ಮ, ನೀನೇ ಬಾ. ಚಪ್ಪಲಿ ಬಿಟ್ಟು ಬಾ. ಒಬ್ಬಳೇ ಎತ್ತಬೇಡ, ಪಕ್ಕದವಳನ್ನು ಕರಿ.