ಎಶು ಸೈತಾನನಾದದ್ದು ಹೇಗೆ? ಯೊರುಬಾ ಕಣಿ ಮತ್ತು ಒಂದು ಅನುವಾದ

[ದೃಶ್ಯ: ದುಂಡನೆಯ ಮರದ ತಟ್ಟೆ. ಅಂಚಿನಲ್ಲಿ ಕೆತ್ತಿದ ಮುಖ.]

ಈ ಮುಖ ಎಶುವಿನದು. ನೈಜೀರಿಯಾದ ಯೊರುಬಾ ಜನರ ಪಾಲಿಗೆ ಅವನು ಕೂಡುದಾರಿಗಳ ಒಡೆಯ, ಮನುಷ್ಯರು ಕೊಟ್ಟ ಕಾಣಿಕೆಯನ್ನು ದೈವಗಳಿಗೆ ಮುಟ್ಟಿಸುವವನು. ಯೊರುಬಾ ಬೈಬಲ್ ತೆರೆದರೆ ಯೇಸುವನ್ನು ಶೋಧಿಸುವ ಕೇಡಿಗನ ಹೆಸರೂ ಎಶುವೇ. ಇದರಿಂದ ಏನು ಮುರಿಯಿತೆಂದು ತಿಳಿಯಬೇಕಾದರೆ ‘ಇಫಾ’ ಎಂಬ ಯೊರುಬಾ ಕಣಿಯನ್ನು ಹತ್ತಿರದಿಂದ ನೋಡಬೇಕು.

[ದೃಶ್ಯ: ತಟ್ಟೆಯ ಮೇಲೆ ಪುಡಿ, ಪಕ್ಕದಲ್ಲಿ ಬೀಜಗಳು.]

ಕಣಿ ಹೇಳುವವರು ಬಬಲಾವೊ. ಎಶುವಿನ ಮುಖ ತಮ್ಮ ಎದುರಿಗೆ ಬರುವಂತೆ ತಟ್ಟೆ ಇಟ್ಟು, ಅದರ ಮೇಲೆ ಮರದ ನುಣ್ಣನೆಯ ಪುಡಿ ಹರಡುತ್ತಾರೆ. ಕೇಳಲು ಬಂದವರು ಕಷ್ಟವನ್ನು ಅವರಿಗೆ ಹೇಳಲೇಬೇಕೆಂದಿಲ್ಲ. ನಾಣ್ಯವೊಂದನ್ನು ಬಾಯ ಬಳಿ ಹಿಡಿದು ಪಿಸುಗುಟ್ಟಿದರೂ ಆದೀತು.

ಎಣ್ಣೆತಾಳೆಯ 16 ಬೀಜಗಳು ಒಂದು ಕೈಯಲ್ಲಿ. ಇನ್ನೊಂದು ಕೈಯಿಂದ ಅಷ್ಟನ್ನೂ ಒಮ್ಮೆಗೇ ಬಾಚಬೇಕು. 1 ಉಳಿದರೆ ಪುಡಿಯಲ್ಲಿ 2 ಗೆರೆ, 2 ಉಳಿದರೆ 1 ಗೆರೆ. ಏನೂ ಉಳಿಯದಿದ್ದರೆ ಅಥವಾ 2ಕ್ಕಿಂತ ಹೆಚ್ಚು ಉಳಿದರೆ ಲೆಕ್ಕಕ್ಕಿಲ್ಲ, ಮತ್ತೆ ಬಾಚಬೇಕು. ಉಳಿದಷ್ಟೇ ಗೆರೆ ಎಳೆದುಬಿಟ್ಟರೆ ಇಡೀ ಕಣಿ ತಲೆಕೆಳಗು: ಎಲ್ಲವೂ ಒಂಟಿ ಗೆರೆಯ ‘ಒಗ್ಬೆ’ ಎಂಬ ಆಕೃತಿ ಬರಬೇಕಾದ ಕಡೆ ಎಲ್ಲವೂ ಜೋಡಿ ಗೆರೆಯ ‘ಒಯೆಕು’ ಬರುತ್ತದೆ.

ಬಲಕ್ಕೊಂದು, ಎಡಕ್ಕೊಂದು ಎಂದು 8 ಗುರುತು ಆದಾಗ ನಾಲ್ಕು ನಾಲ್ಕರ ಎರಡು ಸಾಲು. ಒಂದು ಸಾಲು 16 ರೀತಿ ಬೀಳಬಹುದು, ಎರಡು ಸೇರಿ 256. ಈ ಒಂದೊಂದು ಆಕೃತಿಯೂ ಒಂದು ‘ಒಡು’, ಪ್ರತಿ ಒಡುವಿಗೂ ಪದ್ಯಗಳ ರಾಶಿ. ಬಬಲಾವೊ ಬಾಯಿಪಾಠದಿಂದ ಪದ್ಯ ಹೇಳುತ್ತಾ ಹೋಗುತ್ತಾರೆ. ತನಗೆ ತಾಕುವ ಪದ್ಯ ಯಾವುದೆಂದು ಕೇಳುಗನೇ ಗುರುತಿಸುತ್ತಾನೆ. ಇಷ್ಟು ಸೂಕ್ಷ್ಮವಾದ ವಿದ್ಯೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದ್ದು ದೊಡ್ಡ ಅನ್ಯಾಯ.

ಕೊನೆಗೆ ‘ಎಬೊ’, ಅಂದರೆ ಬಲಿ ಅಥವಾ ಕಾಣಿಕೆ. ಎಶುವಿನ ಪಾಲು ಎತ್ತಿಡದೆ ಅದು ಎಲ್ಲಿಗೂ ಮುಟ್ಟದು. ಎಬೊ ಕೊಟ್ಟವರ ಬೆನ್ನಿಗೆ ಅವನು ನಿಲ್ಲುತ್ತಾನೆ, ಕೊಡದವರ ದಾರಿಗೆ ತೊಡಕಾಗುತ್ತಾನೆ. ಮಿಷನರಿಗಳ ಕಣ್ಣಿಗೆ ಬಿದ್ದದ್ದು ಆ ತೊಡಕು ಮಾತ್ರ.

[ದೃಶ್ಯ: 19ನೇ ಶತಮಾನದ ಲೇಗೋಸ್.]

ಬೈಬಲ್ ಅನುವಾದವನ್ನು ಮುನ್ನಡೆಸಿದ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಸ್ವತಃ ಯೊರುಬಾದವರು. 1821ರಲ್ಲಿ ಗುಲಾಮರನ್ನು ಹಿಡಿಯುವವರ ಕೈಗೆ ಸಿಕ್ಕರು, 1822ರಲ್ಲಿ ಬ್ರಿಟಿಷ್ ನೌಕಾಪಡೆ ಅವರನ್ನು ಬಿಡಿಸಿತು, 1864ರಲ್ಲಿ ಬಿಷಪ್ ಆದರು. ಯೊರುಬಾ ಬರವಣಿಗೆಗೆ ಅವರು ಮಾಡಿದ ಉಪಕಾರ ಬಹಳ ದೊಡ್ಡದು. ಆದರೂ ಪದಗಳ ಆಯ್ಕೆ ನೋಡಿ. ಬಲಿಗೆ ‘ಎಬೊ’ ಪದವೇ ಉಳಿಯಿತು. ಪುರೋಹಿತನಿಗೆ ಬಬಲಾವೊ ಎನ್ನದೆ ಮುಸ್ಲಿಮರ ಬಳಕೆಯ ‘ಅಲುಫಾ’ ತಂದರು. ‘ಸತಾನಿ’ ಎಂಬ ಎರವಲು ಪದವೂ ಅದೇ ಬೈಬಲಿನಲ್ಲಿದೆ. ಅಂದರೆ ಎಶುವಿನ ಹೆಸರಿಗೆ ಕೈಹಾಕುವ ಅಗತ್ಯವೇ ಇರಲಿಲ್ಲ. ನಮ್ಮ ಕನ್ನಡ ಬೈಬಲಿನಲ್ಲೂ ‘ಸೈತಾನ’ ಎಂಬ ಎರವಲೇ ಇದೆ. ಆ ಜಾಗಕ್ಕೆ ಯಾವ ಊರದೇವರನ್ನೂ ತಂದು ಕೂರಿಸಲಿಲ್ಲ.

1861ರಲ್ಲಿ ಬ್ರಿಟನ್ ಲೇಗೋಸನ್ನು ವಶಪಡಿಸಿಕೊಂಡಿತು. ಮಿಷನ್ ಶಾಲೆಗಳಲ್ಲಿ ಮಕ್ಕಳು ಅಕ್ಷರದ ಜೊತೆಗೇ ಈ ಅರ್ಥವನ್ನೂ ಕಲಿತರು. ಅದು ಹೆಸರುಗಳೊಳಗೂ ಇಳಿಯಿತು: ಎಶುಬಿಯಿ ಎಂಬ ಮನೆತನದವರು ಜೇಸುಬಿಯಿ ಆದದ್ದುಂಟು, ‘ಇಫಾ’ದಿಂದ ಶುರುವಾಗುವ ಹೆಸರುಗಳು ‘ಒಲು’ (ಒಡೆಯ, ಅಂದರೆ ದೇವರು) ಆದವು.

[ದೃಶ್ಯ: ಆಗಸ್ಟ್ 20, ‘ಇಶೆಶೆ’ ದಿನದ ಮೆರವಣಿಗೆ.]

ಇಫಾ ಪದ್ಧತಿ 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. 2023ರಲ್ಲಿ ಲೇಗೋಸ್, ಓಗುನ್, ಓಯೊ, ಓಸುನ್ ರಾಜ್ಯಗಳು ಮೂಲಧರ್ಮದ ‘ಇಶೆಶೆ’ ದಿನಕ್ಕೆ ರಜೆ ಕೊಟ್ಟವು. ‘ಎಶು ಸೈತಾನನಲ್ಲ’ ಎಂಬ ಅಭಿಯಾನವೂ ನಡೆದಿದೆ. ಯೊರುಬಾ ಬೈಬಲಿನಲ್ಲಿ ಆ ಹೆಸರು ಮಾತ್ರ ಇನ್ನೂ ಅಲ್ಲೇ ಇದೆ.