ಮಂಟಪ ಮುಳುಗಿತಾ? ಬಾಯಿಯ ಬಿಳಿ ಪದರ ಹೇಳುವ ಮಾತು

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರು ಮುಂದೆ ಬಂದು ಕೂತಿದ್ದೀರಿ, ನರ್ಸಿಂಗ್ ಓದುವ ಮಕ್ಕಳು ಎಂದಿನಂತೆ ಹಿಂದಿನ ಸಾಲು ಹಿಡಿದಿದ್ದೀರಿ. ಇರಲಿ. ಮೈಕ್ ಇದೆ.

ಮಳೆಗಾಲದಲ್ಲಿ ಶಿವಮೊಗ್ಗದವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದಿದೆ. ‘ಮಂಟಪ ಮುಳುಗಿತಾ?’ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿ ನಿಂತಿರುವ ಕಲ್ಲಿನ ಮಂಟಪ. ಪೇಟೆಯಲ್ಲಿ ಬಿಸಿಲಿರುವ ದಿನವೂ ಅದು ಮುಳುಗಬಹುದು. ಯಾಕೆಂದರೆ ಮಳೆ ಬಿದ್ದದ್ದು ಇಲ್ಲಲ್ಲ, ಮೇಲೆ, ಶೃಂಗೇರಿ, ತೀರ್ಥಹಳ್ಳಿ ಕಡೆ. ನಾವು ಇಲ್ಲಿ ಮಂಟಪ ನೋಡಿ ಅಲ್ಲಿನ ಮಳೆಯ ಲೆಕ್ಕ ಹಾಕುತ್ತೇವೆ.

ಎಚ್‌ಐವಿ ಇರುವವರ ಬಾಯಿಯೂ ಅಂಥದೇ ಒಂದು ಮಂಟಪ. ಇವತ್ತು ನಾನು ಮಾತಾಡುವುದು ಆ ಬಾಯಿಯ ಬಗ್ಗೆ, ಅಲ್ಲಿ ಕಟ್ಟುವ ಬಿಳಿ ಪದರದ ಬಗ್ಗೆ. ಅದನ್ನು ಮಾಡುವುದು ಕ್ಯಾಂಡಿಡಾ ಎಂಬ ಫಂಗಸ್.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಹೊಸನಗರ ಕಡೆಯ ಒಬ್ಬ ಹೆಂಗಸು. ಸಣ್ಣ ವಯಸ್ಸು, ಗಂಡ ತೀರಿಕೊಂಡು ವರ್ಷವಾಗಿತ್ತು. ಬಾಯಿ ಉರಿ, ಊಟ ಸೇರಲ್ಲ ಅಂತ ಬಂದಿದ್ದರು. ‘ಎಂತ ಆಯ್ತು?’ ಅಂದೆ. ‘ಎಂತದೂ ಇಲ್ಲ ಡಾಕ್ಟ್ರೇ, ಸ್ವಲ್ಪ ಉಷ್ಣ’ ಅಂದರು. ಹೊರಗೆ ಉದ್ದ ಸಾಲಿತ್ತು. ನಾನು ಟಾರ್ಚ್ ಕೂಡ ಹಾಕಲಿಲ್ಲ. ಬಿ ಕಾಂಪ್ಲೆಕ್ಸ್ ಬರೆದು ಕಳಿಸಿದೆ. ಎರಡು ತಿಂಗಳು ಕಳೆದು ಮತ್ತೆ ಬಂದಾಗ ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ಅಷ್ಟು ಇಳಿದಿದ್ದರು. ಈ ಸಲ ಬಾಯಿ ತೆರೆಸಿ ನೋಡಿದೆ. ಅಂಗುಳ, ಕೆನ್ನೆಯ ಒಳಭಾಗ, ನಾಲಿಗೆ, ಎಲ್ಲ ಕಡೆ ಮೊಸರು ಚೆಲ್ಲಿದ ಹಾಗೆ ಬಿಳಿ. ಗಾಜ್ ಬಟ್ಟೆಯಲ್ಲಿ ಒರೆಸಿದೆ. ಬಿಳಿ ಎದ್ದು ಬಂತು, ಅಡಿಯಲ್ಲಿ ಕೆಂಪಗೆ, ಹಸಿ ಹಸಿ. ಆಮೇಲೆ ಮಾಡಿಸಿದ ರಕ್ತ ಪರೀಕ್ಷೆ ಏನು ಹೇಳಿತು ಅಂತ ನಿಮಗೆ ಗೊತ್ತಾಗಿರಬೇಕು.

ನಮ್ಮ ಕಡೆ ಬಾಯಲ್ಲಿ ಏನೇ ಆದರೂ ಅದಕ್ಕೆ ಒಂದೇ ಹೆಸರು, ಉಷ್ಣ. ಜೀರಿಗೆ ನೀರು, ಮಜ್ಜಿಗೆ, ಒಂದೆಲಗದ ತಂಬುಳಿ. ತಂಬುಳಿಗೆ ನನ್ನ ತಕರಾರಿಲ್ಲ. ಉರಿಯುವ ಬಾಯಿಗೆ ಖಾರವಿಲ್ಲದ ತಂಬುಳಿ, ಮೆತ್ತಗಿನ ಗಂಜಿ ಒಳ್ಳೆಯದೇ. ಆದರೆ ಉಷ್ಣ ಎಂಬ ಮಾತು ಆ ಹೆಂಗಸಿನ ಎರಡು ತಿಂಗಳು ತಿಂದುಹಾಕಿತು. ಅರ್ಧ ಪಾಲು ನನ್ನದು.

ಇನ್ನು ಈ ಕ್ಯಾಂಡಿಡಾ ಯಾರು ಅಂತ ನೋಡೋಣ. ಇದು ಯೀಸ್ಟ್ ಜಾತಿಯದು. ಬ್ರೆಡ್ ಉಬ್ಬಿಸುವ, ಹೆಂಡ ಹುಳಿ ಬರಿಸುವ ಯೀಸ್ಟಿನ ದೂರದ ನೆಂಟ. ಹೆಚ್ಚಾಗಿ ಕಾಣುವುದರ ಪೂರ್ತಿ ಹೆಸರು ಕ್ಯಾಂಡಿಡಾ ಆಲ್ಬಿಕಾನ್ಸ್. ಲ್ಯಾಟಿನ್‌ನಲ್ಲಿ ಮೊದಲ ಪದಕ್ಕೂ ಬಿಳಿ ಅಂತಲೇ ಅರ್ಥ, ಎರಡನೆಯದಕ್ಕೂ ಬಿಳಿಯಾಗುವುದು ಅಂತ. ಹೆಸರಿಟ್ಟವರಿಗೆ ಒಂದು ಸಲ ಹೇಳಿ ಸಮಾಧಾನ ಆಗಲಿಲ್ಲ ಅಂತ ಕಾಣುತ್ತದೆ.

ಇದು ಹೊರಗಿನಿಂದ ಬಂದ ಶತ್ರುವಲ್ಲ. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ, ಹೆಂಗಸರ ಯೋನಿಯಲ್ಲಿ ಸುಮ್ನೆ ಇರುತ್ತದೆ. ಈ ಸಭೆಯಲ್ಲೂ ಬೇಕಾದಷ್ಟು ಜನರ ಬಾಯಲ್ಲಿ ಈಗ ಇದೆ. ಮಲೆನಾಡಿನ ಮನೆಯಲ್ಲಿ ಬೂಷ್ಟು ಇದ್ದ ಹಾಗೆ. ಜುಲೈ ತಿಂಗಳಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಬೀರುವಿನ ಬಟ್ಟೆಗೆ ಬೂಷ್ಟು ಹತ್ತುತ್ತದಲ್ಲ, ಅದು ಜುಲೈಯಲ್ಲಿ ಹೊಸದಾಗಿ ಹುಟ್ಟಿ ಬಂದದ್ದಲ್ಲ. ಮೊದಲೇ ಇತ್ತು. ಅದಕ್ಕೆ ಬೇಕಾದ ಥಂಡಿ ಈಗ ಸಿಕ್ಕಿತು, ಅಷ್ಟೇ.

ದೇಹದಲ್ಲಿ ಆ ಥಂಡಿ ಯಾವುದು? ಎಚ್‌ಐವಿ ವೈರಸ್ ಸಿಡಿ4 ಎಂಬ ರಕ್ಷಣಾ ಕಣಗಳನ್ನು ಕೊಲ್ಲುತ್ತ ಹೋಗುತ್ತದೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಅವು 500ಕ್ಕಿಂತ ಮೇಲಿರುತ್ತವೆ. 200ಕ್ಕಿಂತ ಕೆಳಗೆ ಇಳಿದರೆ ಬಾಯಿಯ ಕ್ಯಾಂಡಿಡಾ ಜಾಸ್ತಿ ಕಾಣುತ್ತದೆ. ಅದಕ್ಕೂ ಮೊದಲೇ ಬರುವುದುಂಟು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಎಚ್‌ಐವಿ ಇರುವವರಲ್ಲಿ ಬಾಯಿ ತುಂಬ, ಅನ್ನನಾಳದ ತುಂಬ ಕ್ಯಾಂಡಿಡಾ ಇದ್ದರೂ ಅದು ರಕ್ತಕ್ಕೆ ನುಗ್ಗುವುದು ಅಪರೂಪ. ಯಾಕೆ? ಕಾವಲು ಎರಡು ಥರ. ಬಾಯಿ, ಗಂಟಲು, ಕರುಳಿನ ಒಳಪದರವನ್ನು ಕಾಯುವುದರಲ್ಲಿ ಸಿಡಿ4 ಕಣಗಳದೇ ಒಂದು ಪಂಗಡಕ್ಕೆ ದೊಡ್ಡ ಪಾಲಿದೆ. ಟಿಎಚ್17 ಅಂತ ಅದರ ಹೆಸರು. ಎಚ್‌ಐವಿ ಇವನ್ನು ಬೇಗ ಮುಗಿಸುತ್ತದೆ. ರಕ್ತದೊಳಗೆ ಕ್ಯಾಂಡಿಡಾ ಬಂದರೆ ಹಿಡಿದು ಹಾಕುವ ಮುಖ್ಯ ಕೆಲಸ ನ್ಯೂಟ್ರೋಫಿಲ್ ಎಂಬ ಬೇರೆ ಬಿಳಿ ರಕ್ತಕಣದ್ದು. ಅವು ಸಾಮಾನ್ಯವಾಗಿ ಉಳಿದಿರುತ್ತವೆ. ತೋಟದ ಬೇಲಿ ಕಾಯುವವರು ಹೋದರು, ಮನೆ ಬಾಗಿಲು ಕಾಯುವವರು ಉಳಿದರು. ಕ್ಯಾನ್ಸರಿಗೆ ಕಿಮೋ ತೆಗೆದುಕೊಳ್ಳುವವರಲ್ಲಿ ನ್ಯೂಟ್ರೋಫಿಲ್ ಇಳಿಯುವುದರಿಂದ ಇದೇ ಕ್ಯಾಂಡಿಡಾ ರಕ್ತಕ್ಕೆ ಹೋಗಿ ಜೀವ ತೆಗೆಯಬಹುದು. ಫಂಗಸ್ ಒಂದೇ, ಒಡೆದ ಜಾಗ ಬೇರೆ.

ಏಡ್ಸ್ ಬಗ್ಗೆ ಜಗತ್ತು ಓದಿದ ಮೊದಲ ವರದಿಯಲ್ಲೇ ಕ್ಯಾಂಡಿಡಾ ಇತ್ತು. 1981ರ ಜೂನ್ 5ರಂದು ಅಮೆರಿಕದ ಆರೋಗ್ಯ ಇಲಾಖೆಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐದು ಯುವಕರ ವಿಷಯ ಬಂತು. ಐವರಿಗೂ ಅಪರೂಪದ ಒಂದು ನ್ಯುಮೋನಿಯಾ. ಐವರಿಗೂ ಕ್ಯಾಂಡಿಡಾ ಸೋಂಕು. ವೈರಸ್ ಅಂತ ಒಂದಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮಂಟಪ ಮುಳುಗಿತ್ತು, ಮಳೆ ಎಲ್ಲಿ ಬಿದ್ದದ್ದು ಅಂತ ತಿಳಿದಿರಲಿಲ್ಲ. ನಮ್ಮ ದೇಶದಲ್ಲಿ ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಕೆಲಸದಿಂದ.

ಈಗ ಬಾಯಿ ನೋಡುವುದು ಹೇಗೆ? ಟಾರ್ಚ್ ಬೇಕು, ಪುರುಸೊತ್ತು ಬೇಕು. ಬಿಳಿ ಪದರ ಒರೆಸಿದರೆ ಎದ್ದು ಬಂದರೆ ಕ್ಯಾಂಡಿಡಾ ಇರಬಹುದು. ನಾಲಿಗೆಯ ಪಕ್ಕದಲ್ಲಿ ಗೆರೆ ಗೆರೆಯಾಗಿ ಬಿಳಿ ಇದ್ದು, ಎಷ್ಟು ಒರೆಸಿದರೂ ಏಳದಿದ್ದರೆ ಅದು ಬೇರೆ. ಅದು ಇನ್ನೊಂದು ವೈರಸ್ಸಿನದು, ಅದೂ ಎಚ್‌ಐವಿ ಇರುವವರಲ್ಲಿ ಕಾಣುತ್ತದೆ. ಕ್ಯಾಂಡಿಡಾ ಯಾವಾಗಲೂ ಬಿಳಿಯಾಗಿಯೇ ಬರುವುದಿಲ್ಲ. ಅಂಗುಳದ ಮೇಲೆ ಬರೀ ಕೆಂಪು ಮಚ್ಚೆಯಾಗಿರಬಹುದು. ಎರಡೂ ತುಟಿ ಸೇರುವ ಮೂಲೆಯಲ್ಲಿ ಸೀಳಿರಬಹುದು. ಈ ಕೆಂಪನ್ನು ನಮ್ಮಲ್ಲಿ ಬಹಳ ಜನ ತಪ್ಪಿಸಿಬಿಡುತ್ತಾರೆ.

ಅಡಿಕೆ ಬೆಳೆಯುವ ನಾಡಲ್ಲಿ ನಿಂತು ಈ ಮಾತು ಹೇಳುವುದು ಕಷ್ಟ, ಆದರೂ ಹೇಳಬೇಕು. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರ ಕೆನ್ನೆಯೊಳಗೆ ಏಳದ ಬಿಳಿ ಮಚ್ಚೆ ಕಂಡರೆ ಕ್ಯಾಂಡಿಡಾ ಅಂತ ಔಷಧಿ ಹಚ್ಚುತ್ತ ಕೂರಬೇಡಿ. ಅದು ಕ್ಯಾನ್ಸರಿನ ಮುನ್ಸೂಚನೆ ಇರಬಹುದು. ದಂತ ವೈದ್ಯರಿಗೋ ಕಿವಿ ಮೂಗು ಗಂಟಲು ವೈದ್ಯರಿಗೋ ತೋರಿಸಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಊರಿಗೆ ಹೋಗಿ ಹೇಳಿ. ಬಾಯಿ ಬಿಳಿಯಾದವರೆಲ್ಲ ಎಚ್‌ಐವಿ ಇರುವವರಲ್ಲ. ಹಾಲು ಕುಡಿಯುವ ಮಕ್ಕಳಲ್ಲಿ ಬರುತ್ತದೆ. ಶುಗರ್ ಹತೋಟಿಯಲ್ಲಿಲ್ಲದವರಿಗೆ, ಹಲ್ಲಿನ ಸೆಟ್ ರಾತ್ರಿಯೂ ತೆಗೆಯದ ಅಜ್ಜಂದಿರಿಗೆ, ಆ್ಯಂಟಿಬಯಾಟಿಕ್ ಜಾಸ್ತಿ ನುಂಗಿದವರಿಗೆ, ಅಸ್ತಮಾಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರಿಗೆ ಬರುತ್ತದೆ. ಹೆಂಗಸರ ಬಿಳಿ ಸೆರಗು, ತುರಿಕೆಯ ವಿಷಯವಂತೂ ಇನ್ನೂ ಸ್ಪಷ್ಟ. ಯೋನಿಯ ಕ್ಯಾಂಡಿಡಾ ನಾಲ್ವರಲ್ಲಿ ಸುಮಾರು ಮೂವರು ಹೆಂಗಸರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುತ್ತದೆ. ಅದನ್ನು ನೋಡಿ ಎಚ್‌ಐವಿ ಅಂತ ಅನುಮಾನ ಪಟ್ಟರೆ ಅರ್ಧ ಊರನ್ನು ಅನುಮಾನಿಸಬೇಕಾಗುತ್ತದೆ. ಆದರೆ ಕಾರಣವೇ ಇಲ್ಲದೆ, ಹರೆಯದವರ, ನಡುವಯಸ್ಸಿನವರ ಬಾಯಲ್ಲಿ ಬಂದರೆ ಪರೀಕ್ಷೆಯ ಮಾತು ಎತ್ತಲೇಬೇಕು.

ಈಗ ಗಂಟಲು ದಾಟಿ ಕೆಳಗೆ ಹೋಗೋಣ. ಕ್ಯಾಂಡಿಡಾ ಅನ್ನನಾಳಕ್ಕೆ ಇಳಿದರೆ ನುಂಗುವಾಗ ಎದೆಯ ನಡುವೆ ನೋವು. ತುತ್ತು ಅಲ್ಲೇ ನಿಂತ ಹಾಗೆ. ನೀರು ಕುಡಿದರೂ ಚುಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬಾಯಲ್ಲಿ ಬಿಡದೆ ಕಾಡುವ ಕ್ಯಾಂಡಿಡಾ ಎಚ್‌ಐವಿಯ ಮೂರನೇ ಹಂತ. ಅನ್ನನಾಳಕ್ಕೆ ಇಳಿದರೆ ನಾಲ್ಕನೇ ಹಂತ, ಕೊನೆಯದು.

ನಮ್ಮ ಜನ ಇದಕ್ಕೆ ಏನು ಹೆಸರಿಡುತ್ತಾರೆ ಹೇಳಿ? ‘ಗ್ಯಾಸ್ಟ್ರಿಕ್.’ ಮೆಡಿಕಲ್ ಶಾಪಿಗೆ ಹೋಗಿ ಗುಲಾಬಿ ಬಣ್ಣದ ಸಿರಪ್ ತಂದು ಮೂರು ಹೊತ್ತು ಕುಡಿಯುತ್ತಾರೆ. ಇಲ್ಲಿ ಎರಡು ಅನಾಹುತ ಒಟ್ಟಿಗೆ ಆಗುತ್ತದೆ. ಒಂದು, ಫಂಗಸ್‌ಗೆ ಆ ಸಿರಪ್ಪಿನಿಂದ ಏನೂ ಆಗುವುದಿಲ್ಲ. ಎರಡನೆಯದು ಕೆಟ್ಟದ್ದು. ಈಗ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಚಿಕಿತ್ಸೆ, ಅದರ ಕೇಂದ್ರದಲ್ಲಿ ಹೆಚ್ಚಿನವರಿಗೆ ಕೊಡುವ ದಿನಕ್ಕೊಂದು ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧಿ ಇದೆ. ಆ ಸಿರಪ್ಪಿನಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ. ರಕ್ತಕ್ಕೆ ಸೇರಬೇಕಾದಷ್ಟು ಸೇರುವುದಿಲ್ಲ. ಪಾಪ, ಆತ ಒಂದು ದಿನವೂ ಮಾತ್ರೆ ತಪ್ಪಿಸಿರುವುದಿಲ್ಲ. ಆದರೂ ವೈರಸ್ ಮೇಲೇಳಬಹುದು. ಸಿರಪ್ ಬೇಕೇ ಬೇಕಾದರೆ ಎಆರ್‌ಟಿ ಮಾತ್ರೆ ಅದಕ್ಕಿಂತ 2 ಗಂಟೆ ಮೊದಲು ಆಗಬೇಕು, ಇಲ್ಲ 6 ಗಂಟೆ ಆದ ಮೇಲೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯದೂ ಇದೇ ಕಥೆ, ಊಟದ ಜೊತೆಗಾದರೆ ಮಾತ್ರ ಎಆರ್‌ಟಿ ಮಾತ್ರೆ ಮತ್ತು ಅವನ್ನು ಒಟ್ಟಿಗೆ ನುಂಗಬಹುದು. ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಹಂಚುವವರು ನೀವೇ ಅಲ್ವಾ, ನೆನಪಿಡಿ.

ಔಷಧಿಯ ವಿಷಯ. ಬಾಯಿಯಲ್ಲಿ ಸ್ವಲ್ಪವೇ ಇದ್ದರೆ ಕ್ಲೋಟ್ರಿಮಜೋಲ್ ಹಚ್ಚುವುದೋ ಚೀಪುವುದೋ ಸಾಕಾಗಬಹುದು. ಜಾಸ್ತಿ ಇದ್ದರೆ ಫ್ಲುಕೋನಜೋಲ್ ಮಾತ್ರೆ, ದಿನಕ್ಕೆ 100ರಿಂದ 200 ಮಿಲಿಗ್ರಾಂ, 7ರಿಂದ 14 ದಿನ. ಅನ್ನನಾಳಕ್ಕೆ ಇಳಿದಿದ್ದರೆ ಹಚ್ಚುವ ಔಷಧಿ ಅಲ್ಲಿಗೆ ತಲುಪುವುದೇ ಇಲ್ಲ. ಮಾತ್ರೆಯೇ ಬೇಕು, 14ರಿಂದ 21 ದಿನ. ಎಲ್ಲರಿಗೂ ಮೊದಲೇ ಎಂಡೋಸ್ಕೋಪಿ ಬೇಡ. ಮಾತ್ರೆ ಶುರು ಮಾಡಿದ ಕೆಲವೇ ದಿನದಲ್ಲಿ ನುಂಗುವುದು ಹಗುರಾದರೆ ರೋಗ ಅದೇ ಅಂತ ಗೊತ್ತಾಗುತ್ತದೆ. ವಾರವಾದರೂ ಆಗದಿದ್ದರೆ ಆಗ ಕ್ಯಾಮೆರಾ ಇಳಿಸಿ ನೋಡಬೇಕು. ಇದನ್ನು ಕೇಳಿಕೊಂಡು ಹೋಗಿ ನೀವೇ ಮಾತ್ರೆ ಕೊಡಬೇಡಿ. ಶುಗರಿಗೆ ಗ್ಲಿಮೆಪಿರೈಡ್ ತಗೊಳ್ಳುವವರಿಗೆ ಫ್ಲುಕೋನಜೋಲ್ ಜೊತೆಯಾದರೆ ಶುಗರ್ ತೀರಾ ಇಳಿಯಬಹುದು. ಗರ್ಭಿಣಿಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಬೇರೆ ದಾರಿ ನೋಡಬೇಕು.

ಹಿಂದೆ ಜೆನ್ಷನ್ ವೈಲೆಟ್ ಹಚ್ಚುತ್ತಿದ್ದೆವು. ಅಗ್ಗ, ಕೆಲಸವೂ ಮಾಡುತ್ತಿತ್ತು. ಆದರೆ ಬಾಯೆಲ್ಲ ನೇರಳೆ. ಬಸ್ಸಿನಲ್ಲಿ ಕೂತರೆ ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ಆ ಕಡೆ ಬರುವುದನ್ನೇ ಬಿಟ್ಟವರಿದ್ದಾರೆ.

ಮನುಷ್ಯರಿಗೆ ಕೊಡಬಹುದಾದ ಫಂಗಸ್ ಔಷಧಿ ನಿಸ್ಟಾಟಿನ್ ಹುಟ್ಟಿದ ಬಗೆ ಚೆನ್ನಾಗಿದೆ, ಒಂದು ನಿಮಿಷ ಹೇಳುತ್ತೇನೆ. ಎಲಿಜಬೆತ್ ಹೇಝನ್ ಮತ್ತು ರೇಚಲ್ ಬ್ರೌನ್ ಅಂತ ಇಬ್ಬರು ವಿಜ್ಞಾನಿಗಳು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಣ್ಣಿನಿಂದ ಬೆಳೆಸಿದ ಸೂಕ್ಷ್ಮಜೀವಿಗಳನ್ನು ಜಾಡಿಯಲ್ಲಿಟ್ಟು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. ಕೊನೆಗೆ ಗೆದ್ದದ್ದು ಪರಿಚಯದವರ ತೋಟದ ಮಣ್ಣು. 1950ರಲ್ಲಿ ಲೋಕಕ್ಕೆ ತಿಳಿಸಿದರು. ಬಂದ ಗೌರವಧನವನ್ನೆಲ್ಲ ಸಂಶೋಧನೆಗೇ ಬಿಟ್ಟುಕೊಟ್ಟರು. ನಮ್ಮ ತೋಟದ ಮಣ್ಣಲ್ಲಿ ಏನೇನಿದೆಯೋ, ಯಾರು ನೋಡಿದ್ದಾರೆ!

ಒಮ್ಮೆ ತೀರ್ಥಹಳ್ಳಿ ಕಡೆಯ ಕೃಷಿಕರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ‘ಅಡಿಕೆಗೆ ಕೊಳೆ ಬರುವ ಮುಂಚೆಯೇ ಬೋರ್ಡೋ ಹೊಡೀತೀವಲ್ಲ ಡಾಕ್ಟ್ರೇ, ಹಾಗೇ ಈ ಮಾತ್ರೆ ಮೊದಲೇ ನುಂಗಿದ್ರೆ?’ ಬೇಡ. ಸುಮ್ನೆ ನುಂಗುತ್ತಿದ್ದರೆ ಮಾತ್ರೆಗೆ ಬಗ್ಗದ ಕ್ಯಾಂಡಿಡಾ ಉಳಿದುಕೊಳ್ಳುತ್ತದೆ. ಕೆಲವು ಜಾತಿ ಹುಟ್ಟಿನಿಂದಲೇ ಬಗ್ಗುವುದಿಲ್ಲ. ಬೋರ್ಡೋ ಜಾಗದಲ್ಲಿ ಇರುವುದು ಎಆರ್‌ಟಿ. ಸಿಡಿ4 ಮೇಲೆ ಬಂದರೆ ಕ್ಯಾಂಡಿಡಾ ತಾನಾಗಿ ತನ್ನ ಮೂಲೆಗೆ ಹೋಗುತ್ತದೆ. ಅದಕ್ಕೇ, ಎಆರ್‌ಟಿ ತಗೊಳ್ಳುತ್ತಿರುವವರ ಬಾಯಿ ಮತ್ತೆ ಬಿಳಿಯಾದರೆ ಬರೀ ಫ್ಲುಕೋನಜೋಲ್ ಬರೆದು ಕಳಿಸುವುದು ಮಂಟಪದ ಸುತ್ತ ನೀರು ಗೋರಿದ ಹಾಗೆ. ಕೂರಿಸಿಕೊಂಡು ಕೇಳಬೇಕು. ಮಾತ್ರೆ ತಪ್ಪಿತಾ? ಕೊಯ್ಲಿನ ಗಡಿಬಿಡಿಯಾ? ಮದುವೆ ಮನೆಯಲ್ಲಿ ನೆಂಟರ ಎದುರು ಡಬ್ಬಿ ತೆಗೆಯಲು ನಾಚಿಕೆಯಾಯಿತಾ? ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ, ನೋಡಿಸಬೇಕು. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಇವನ್ನು ಕೇಳಿ ಟಿಬಿ ಹುಡುಕಬೇಕು. ಬಿಳಿ ಬಾಯಿಯ ಜೊತೆ ಬಿಡದ ತಲೆನೋವು ಇದ್ದರೆ ಅದೇ ದಿನ ಆಸ್ಪತ್ರೆಗೆ. ಮಿದುಳಿನ ಪೊರೆಗೆ ಇನ್ನೊಂದು ಫಂಗಸ್ ಹತ್ತಿರಬಹುದು.

ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಆಗ ನಮ್ಮವರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಈಗ ಮೆಗ್ಗಾನ್ ಆಸ್ಪತ್ರೆಯಲ್ಲೇ ಕೇಂದ್ರವಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಮಾತ್ರೆ ಶುರು. ಹತ್ತಿರ ಇದ್ದರೂ ಬರದವರಿದ್ದಾರೆ, ಯಾರಾದರೂ ನೋಡಿಬಿಟ್ಟರೆ ಅಂತ. ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನ ಹೆಸರು ಹೊತ್ತ ಮಂಗನ ಕಾಯಿಲೆ ಬಂದರೆ ಊರಿಗೆ ಊರೇ ಮಾತಾಡುತ್ತದೆ. ಈ ಕಾಯಿಲೆಗೆ ಮನೆಯೊಳಗೂ ಬಾಯಿ ಬಿಡುವುದಿಲ್ಲ. ತಟ್ಟೆ ಬೇರೆ ಇಡುತ್ತಾರೆ. ಒಂದೇ ತಟ್ಟೆಯಲ್ಲಿ ಉಂಡರೆ ಎಚ್‌ಐವಿ ಬರುವುದಿಲ್ಲ. ಕ್ಯಾಂಡಿಡಾವಂತೂ ಬಹುಮಟ್ಟಿಗೆ ಅವರವರ ಬಾಯಲ್ಲೇ ಇದ್ದದ್ದು.

ನೀವು ಯಾರದೋ ಬಾಯಲ್ಲಿ ಬಿಳಿ ಕಂಡರೆ ಅದು ನಿಮ್ಮ ಮತ್ತು ಅವರ ನಡುವೆ ಇರಲಿ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿನ ವಿಷಯ ಹೊರಗೆ ಹೇಳುವಂತಿಲ್ಲ. ಯಾರಿಗೂ ಕೇಳಲಾಗದಿದ್ದರೆ 1097ಕ್ಕೆ ಫೋನ್ ಮಾಡಬಹುದು, ದುಡ್ಡು ಬೇಡ.

ಹೊಸನಗರದ ಆ ಹೆಂಗಸು ಉಳಿದರು. ಕಳೆದ ಸಲ ಬಂದಾಗ ನಾನು ಕೇಳುವ ಮೊದಲೇ ‘ಆ’ ಅಂತ ಬಾಯಿ ತೆರೆದು ಕೂತರು, ನನ್ನ ಟಾರ್ಚಿಗೇ ಸೆಲ್ ಇರಲಿಲ್ಲ.

ಚೀಟಿಗಳು ಬಂದಿವೆ. ಮೇಲಿನದು: ‘ಬಾಯಿ ವಾಸಿಯಾದ ಮೇಲೆ ಮಾತ್ರೆ ನಿಲ್ಲಿಸಬಹುದಾ?’ ಫಂಗಸ್ಸಿನ ಮಾತ್ರೆ, ವೈದ್ಯರು ಹೇಳಿದ ದಿನ ಮುಗಿದ ಮೇಲೆ ನಿಲ್ಲಿಸಿ. ಎಆರ್‌ಟಿ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಉಳಿದ ಚೀಟಿಗಳನ್ನು ಕಾಫಿಯ ಹೊತ್ತಿಗೆ ನೋಡೋಣ. ಮರೆತು ಹೆಸರು ಬರೆದಿದ್ದರೆ ಹೆದರಬೇಡಿ, ಆ ತುದಿಯನ್ನು ಈಗಲೇ ಹರಿದು ಹಾಕುತ್ತೇನೆ.